ಎರಡು ಮುಂಜಾನೆಯ ನಾಡಿ

ಸೊನ್ನ, ತಾ. ಅಫಜಲಪುರ
ರವಿವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಮಗಳು ಸಂಘಮಿತ್ರಾಳಿಗೆ,

ನಿನ್ನ ಅಪ್ಪ ದೇವೀಂದ್ರಪ್ಪನ ಜೈ ಭೀಮ. ಮೊದಲು ನಿನ್ನ ಕಾಲು ಹೇಗಿದೆ ಹೇಳು. ಹೊಸ ಬೂಟು ಹಿಮ್ಮಡಿ ಕಚ್ಚಿ ಬೊಬ್ಬೆ ಎದ್ದಿವೆ ಎಂದು ನೀನು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಅವು ಒಣಗಿದವೋ ಇಲ್ಲವೋ ಎಂದು ನಿನ್ನವ್ವ ದಿನಕ್ಕೊಮ್ಮೆ ನನ್ನನ್ನು ಕೇಳುತ್ತಾಳೆ, ಮೈದಾನದಲ್ಲಿ ನಾನೇ ನಿನ್ನ ಪಕ್ಕ ಓಡುತ್ತಿರುವ ಹಾಗೆ. ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿ ಬಟ್ಟೆ ಕಟ್ಟಿಕೋ. ಮಧ್ಯಪ್ರದೇಶದ ಆ ಕಡೆ ಚಳಿ ಬಿದ್ದಿರಬೇಕು. ತಣ್ಣೀರಿನಲ್ಲಿ ತಲೆ ತೊಳೆಯಬೇಡ. ಪಾರ್ಸೆಲ್ಲಿನಲ್ಲಿ ಕಳಿಸಿದ ಶೇಂಗಾ ಹಿಂಡಿ, ಅಗಸಿ ಹಿಂಡಿ ಎರಡೂ ಚಟ್ನಿ ಮುಟ್ಟಿದವೆಂದು ಇವತ್ತು ಫೋನಿನಲ್ಲಿ ಹೇಳಿದ್ದು ಕೇಳಿ ಸಮಾಧಾನವಾಯಿತು. ಜೊತೆಯ ಹುಡುಗಿಯರಿಗೂ ಹಂಚು, ಆದರೆ ಎಲ್ಲವನ್ನೂ ಹಂಚಿ ನೀನು ಬರಿಯ ಚಪಾತಿ ತಿನ್ನಬೇಡ. ನಿನ್ನ ಆ ಗುಣ ನನಗೆ ಗೊತ್ತು.

ಇವತ್ತಿನ ಹತ್ತು ನಿಮಿಷದ ಫೋನಿನಲ್ಲಿ ಏಳು ನಿಮಿಷ ನಿನ್ನವ್ವನೇ ಮಾತಾಡಿದಳು. ಉಳಿದ ಮೂರರಲ್ಲಿ ನೀನು, ‘ಅಪ್ಪಾ, ಎಲ್ಲಾರೂ ಆರಾಮ ಇದ್ದೀರಿಲ್ಲೊ?’ ಎಂದು ಕೇಳಿದೆ. ನಾನು ‘ಆರಾಮ ಇದ್ದೇವಿ’ ಎಂದೆ. ಊಟ ಮುಗಿಸಿ, ನಿನ್ನವ್ವ ಜರಾ ಅಡ್ಡಾದ ಮೇಲೆ, ಹಾಳೆ ಪೆನ್ನು ತೆಗೆದುಕೊಂಡು ಹೊರಗಿನ ಕಟ್ಟೆಗೆ ಬಂದು ಕುಳಿತಿದ್ದೇನೆ. ಈಗ ನಾವು ಆರಾಮವಾಗಿರುವುದು ನಿಜ. ಆದರೆ ನಡುವೆ ಒಂದು ತಿಂಗಳು ನಿನಗೆ ಹೇಳದ ಸಂಗತಿಯೊಂದು ನಡೆದುಹೋಗಿದೆ. ಗಾಬರಿಯಾಗದೆ ಕುಳಿತುಕೊಂಡು ಓದು. ಮುಗಿದ ಸಂಗತಿಯನ್ನೇ ಬರೆಯುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಅವ್ವ ಒಳಗೆ ಮಲಗಿದ್ದಾಳೆ, ಅವಳ ಉಸಿರು ನನಗೆ ಇಲ್ಲಿಗೇ ಕೇಳುತ್ತಿದೆ.

ನನ್ನ ಪೆಟ್ಟಿಗೆಯ ವಿಷಯ ನಿನಗೆ ಅರ್ಧ ಗೊತ್ತು. ಮೇ ತಿಂಗಳಲ್ಲಿ ನೀನು ಸಿಪಾಯಿ ತರಬೇತಿಗೆ ಹೊರಟೆ. ಜೂನ್ ಮೊದಲ ವಾರದಲ್ಲಿ ಅಫಜಲಪುರದ ಬಜಾರಿನಲ್ಲಿ ಬೀಜದ ಅಂಗಡಿಯ ಮುಂದೆ ನನಗೆ ಉಸಿರು ಸಿಗದೆ ಕುಳಿತುಬಿಟ್ಟೆ. ಕಲಬುರಗಿಯ ಆಸ್ಪತ್ರೆಯಲ್ಲಿ ಆರು ದಿನ ಇಟ್ಟುಕೊಂಡರು. ಹೃದಯ ರಕ್ತವನ್ನು ಒತ್ತುವ ಜೋರು ಕಡಿಮೆಯಾಗಿದೆ, ಅದಕ್ಕೇ ಮೈಯಲ್ಲಿ ನೀರು ನಿಲ್ಲುತ್ತದೆ, ಕಾಲು ಬಾಯುತ್ತದೆ, ಇದು ಪೂರ್ತಿ ವಾಸಿಯಾಗುವ ಬೇನೆಯಲ್ಲ, ಹಿಡಿತದಲ್ಲಿ ಇಟ್ಟುಕೊಂಡು ಬಾಳುವ ಬೇನೆ ಎಂದು ಡಾಕ್ಟರು ತಿಳಿಸಿ ಹೇಳಿದರು. ದೂರದ ಹಳ್ಳಿಯವರು ಪದೇ ಪದೇ ಕಲಬುರಗಿಗೆ ಬರುವುದು ಬೇಡವೆಂದು, ಮನೆಯಲ್ಲಿದ್ದುಕೊಂಡೇ ಅಳತೆ ಕಳಿಸುವ ಪೆಟ್ಟಿಗೆಯೊಂದನ್ನು ಕೊಟ್ಟರು. ಅದರೊಳಗೆ ಒಂದು ತೂಕದ ಯಂತ್ರ, ತೋಳಿಗೆ ಸುತ್ತಿ ಬಿಪಿ ನೋಡುವ ಪಟ್ಟಿ, ಬೆರಳಿಗೆ ಸಿಕ್ಕಿಸಿ ನಾಡಿ ಎಣಿಸುವ ಚಿಮಟದಂಥದ್ದು ಒಂದು, ಜೊತೆಗೊಂದು ಮೊಬೈಲು. ಆ ಮೊಬೈಲು ಪೆಟ್ಟಿಗೆಯದೇ, ನನ್ನದು ಬೇರೆ. ದಿನಾ ಮುಂಜಾನೆ ಏಳಕ್ಕೆ, ಚಹಾ ಕುಡಿಯುವ ಮೊದಲು, ತೂಕದ ಮೇಲೆ ನಿಂತು, ಪಟ್ಟಿ ಸುತ್ತಿ, ಬೆರಳು ಸಿಕ್ಕಿಸಬೇಕು. ಮೂರೂ ಮುಗಿದ ಮೇಲೆ ಕೊನೆಗೆ ನಿಂತ ಅಂಕಿಗಳು ತಾವೇ ಕಲಬುರಗಿಗೆ ಹೋಗುತ್ತವೆ. ಅಲ್ಲಿ ಕರೀಮುನ್ನಿಸಾ ಎಂಬ ಸಿಸ್ಟರ್ ಒಬ್ಬರು ನನ್ನಂಥ ನೂರಾರು ಮಂದಿಯ ಅಂಕಿಗಳನ್ನು ನೋಡುತ್ತಾ ಕುಳಿತಿರುತ್ತಾರೆ. ಏನಾದರೂ ಏರುಪೇರಾದರೆ ಅವರ ಫೋನು ಬರುತ್ತದೆ.

ಪೆಟ್ಟಿಗೆಯಿಂದ ನನಗೆ ಉಪಕಾರವೇ ಆಯಿತು. ಆಗಸ್ಟಿನಲ್ಲಿ ಒಂದು ಸಲ ಮೂರು ದಿನಕ್ಕೆ ಎರಡೂವರೆ ಕಿಲೋ ತೂಕ ಏರಿತು. ಹೊಟ್ಟೆಗೆ ತಿಂದದ್ದಲ್ಲ, ನೀರು. ಒಂಬತ್ತು ಗಂಟೆಗೆಲ್ಲ ಕರೀಮುನ್ನಿಸಾ ಫೋನು ಮಾಡಿ, ‘ದೇವೀಂದ್ರಪ್ಪ ಅವ್ರೆ, ನಿನ್ನೆ ಮೊನ್ನೆ ಏನ್ ತಿಂದೀರಿ, ಸಚ್ ಹೇಳ್ರಿ’ ಎಂದರು. ನಾನು ಅನ್ನ, ಬೇಳೆ ಎಂದೆ. ನಿನ್ನವ್ವ ಹಿಂದಿನಿಂದ, ‘ಉಪ್ಪಿನಕಾಯಿ, ಹಪ್ಪಳ, ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿ’ ಎಂದು ಕೂಗಿ ಹೇಳಿದಳು. ಡಾಕ್ಟರನ್ನು ಕೇಳಿ ಒಂದು ಗುಳಿಗೆ ಹೆಚ್ಚು ಮಾಡಿದರು. ಎರಡು ದಿನದಲ್ಲಿ ತೂಕ ಇಳಿಯಿತು, ಆಸ್ಪತ್ರೆಗೆ ಹೋಗುವುದು ತಪ್ಪಿತು. ಅಷ್ಟಾದರೂ ಆ ಪೆಟ್ಟಿಗೆ ಕಂಡರೆ ನನಗೆ ಸಿಟ್ಟು. ಬ್ಯಾರೇಜಿನಲ್ಲಿ ಇಪ್ಪತ್ತು ವರ್ಷ ನೀರಿನ ಮಟ್ಟ ನೋಡಿ ಕಚೇರಿಗೆ ತಿಳಿಸಿದವನು ನಾನು. ನಾನು ಹೇಳಿದ ಮೇಲೆ ಗೇಟು ಏಳುತ್ತಿದ್ದವು, ಇಳಿಯುತ್ತಿದ್ದವು. ಈಗ ನನ್ನ ಮೈಯಲ್ಲಿ ಎಷ್ಟು ನೀರಿದೆ ಎಂದು ಇನ್ನೊಬ್ಬರು ಎಲ್ಲೋ ಕುಳಿತು ನೋಡುವುದು ನನಗೆ ಸೇರುತ್ತಿರಲಿಲ್ಲ. ಏಳು ಗಂಟೆಗೆ ಆ ಮೊಬೈಲು, ‘ದೇವೀಂದ್ರಪ್ಪನವರೇ, ಇಂದಿನ ಅಳತೆ ಬಾಕಿ ಇದೆ’ ಎಂದು ಹೆಣ್ಣು ದನಿಯಲ್ಲಿ ಹೇಳಿದರೆ, ಬಾಕಿ ಇರಲಿ ಬಿಡು ಎಂದು ಗೊಣಗುತ್ತಿದ್ದೆ. ನಿನ್ನವ್ವನಿಗೆ ಮಾತ್ರ ಅದು ದೇವರ ಪೆಟ್ಟಿಗೆ ಇದ್ದ ಹಾಗೆ. ಮೇಲೊಂದು ಕಸೂತಿ ಬಟ್ಟೆ ಹೊದಿಸಿ ಇಟ್ಟಿದ್ದಳು. ಪೆಟ್ಟಿಗೆ ಕೊಡುವಾಗ ಆಸ್ಪತ್ರೆಯವರು, ಅಳತೆ ತಪ್ಪಿಸಬೇಡಿ, ಸರಿಯಾಗಿ ಬಳಸದವರಿಂದ ವಾಪಸು ಪಡೆದು ಇನ್ನೊಬ್ಬರಿಗೆ ಕೊಡುತ್ತೇವೆ, ಸರದಿಯಲ್ಲಿ ಬಹಳ ಜನ ಇದ್ದಾರೆ ಎಂದಿದ್ದರು. ಆ ಒಂದು ಮಾತು ಅವಳ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು.

ಅಕ್ಟೋಬರ್ ಎಂಟರಂದು ಜೇವರ್ಗಿಯಲ್ಲಿ ಧರ್ಮಣ್ಣನ ಹೊಸ ಮನೆಯ ಪ್ರವೇಶವಿತ್ತು. ಧರ್ಮಣ್ಣ ಗೊತ್ತಲ್ಲ, ಬ್ಯಾರೇಜಿನಲ್ಲಿ ನನ್ನ ಜೊತೆ ಹದಿನಾಲ್ಕು ವರ್ಷ ಇದ್ದವನು, ನೀನು ಸಣ್ಣವಳಿದ್ದಾಗ ನಿನಗೆ ಈಜು ಕಲಿಸಿದವನು. ಬಂದರೆ ಮೂರು ದಿನ ಇದ್ದೇ ಹೋಗಬೇಕು ಎಂದು ಹಟ ಹಿಡಿದಿದ್ದ. ಪೆಟ್ಟಿಗೆ ಒಯ್ಯಿರಿ ಎಂದು ನಿನ್ನವ್ವ ಚೀಲದಲ್ಲಿ ಇಟ್ಟಳು. ನಾನು ತೆಗೆದು ಮಂಚದ ಮೇಲೆ ಇಟ್ಟೆ. ಅವಳು ಮತ್ತೆ ಇಟ್ಟಳು. ‘ಎರಡು ದಿನ ಮನಷ್ಯಾ ಆಗಿ ಇದ್ದು ಬರ್ತೇನಿ, ಪೇಶಂಟ್ ಆಗಿ ಬ್ಯಾಡ. ಮಂದಿ ಮುಂದ ತಕ್ಕಡಿ ಮ್ಯಾಲ ನಿಂದ್ರಲೇನು?’ ಎಂದು ದನಿ ಏರಿಸಿದೆ. ಮುಂಜಾನೆಯದು, ಮಧ್ಯಾಹ್ನದ್ದು, ಸಂಜೆಯದು ಎಂದು ಮೂರು ಕಾಗದದಲ್ಲಿ ಗುಳಿಗೆ ಕಟ್ಟಿ ಕೈಗೆ ಕೊಟ್ಟಳು. ಜೊತೆಗೆ ಬಾ ಎಂದರೆ, ಮೇಲಿನ ಹೊಲದ ತೊಗರಿ ನೋಡಿಕೊಳ್ಳುವವರು ಯಾರು ಎಂದಳು. ಸೆಪ್ಟೆಂಬರಿನ ಹೊಳೆ ನೀರಿಗೆ ಕೆಳಗಿನ ಹೊಲ ಕೊಳೆತು ಹೋಗಿತ್ತು, ಮೇಲಿನದಷ್ಟೇ ಉಳಿದಿತ್ತು. ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದವಳು ದಾರಿಯಲ್ಲಿ ಎರಡು ಸಲ ನಿಂತಳು. ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಉಸಿರು ತೆಗೆದುಕೊಳ್ಳಲು ನಿಂತಿದ್ದಳು ಎಂದು ಈಗ ಗೊತ್ತು.

ಮುಂದಿನದನ್ನು ಅವಳು ಹೇಳಿದ್ದು, ಕರೀಮುನ್ನಿಸಾ ಹೇಳಿದ್ದು ಎರಡನ್ನೂ ಕೂಡಿಸಿ ಬರೆಯುತ್ತಿದ್ದೇನೆ. ಗುರುವಾರ ಮುಂಜಾನೆ ಏಳಕ್ಕೆ ಪೆಟ್ಟಿಗೆಯ ಮೊಬೈಲು ಬಾಕಿ ಇದೆ ಎಂದು ಕೂಗಿತು. ಏಳೂವರೆಗೆ ಮತ್ತೆ ಕೂಗಿತು. ಮೂರನೆಯ ಸಲ ಕೂಗಿದಾಗ ನಿನ್ನವ್ವ ಬಾಗಿಲು ಮುಂದಕ್ಕೆ ಮಾಡಿ ಪೆಟ್ಟಿಗೆ ಬಿಚ್ಚಿದಳು. ನನ್ನ ಬದಲು ತಾನೇ ಅಳತೆ ಕೊಡುವುದು ಎಂದು ನಿಶ್ಚಯಿಸಿದ್ದಳು. ನನ್ನ ತೂಕ ಎಪ್ಪತ್ತೊಂದೂವರೆ, ಅವಳದು ಐವತ್ತೈದು. ಮೂಲೆಯಲ್ಲಿದ್ದ ಜೋಳದ ಸಣ್ಣ ಚೀಲವನ್ನು ಎತ್ತಿ, ಎದೆಗೆ ಅವಚಿಕೊಂಡು ತೂಕದ ಯಂತ್ರದ ಮೇಲೆ ನಿಂತಳು. ಎಪ್ಪತ್ನಾಲ್ಕು ತೋರಿಸಿತು. ಅಷ್ಟು ತೋರಿಸಿದರೆ ನನಗೆ ನೀರು ಏರಿದೆ ಎಂದು ಫೋನು ಬರುತ್ತದೆಂದು ಅವಳಿಗೆ ಗೊತ್ತು. ಇಳಿದು, ಎರಡು ಬೊಗಸೆ ಜೋಳ ತೆಗೆದು, ಮತ್ತೆ ಹತ್ತಿದಳು. ಹೀಗೆ ಐದು ಸಲ ಹತ್ತಿ ಇಳಿದು ಎಪ್ಪತ್ತೊಂದೂವರೆಗೆ ತಂದು ನಿಲ್ಲಿಸಿದಳು. ಆಮೇಲೆ ಪಟ್ಟಿ ಸುತ್ತಿಕೊಂಡಳು, ಬೆರಳು ಸಿಕ್ಕಿಸಿಕೊಂಡಳು. ನಾಡಿಯನ್ನು ಜೋಳ ಹಾಕಿ ಸರಿಮಾಡಲು ಬರುವುದಿಲ್ಲವಲ್ಲ. ನಿಮಿಷಕ್ಕೆ ಮೂವತ್ತೆಂಟು ಎಂದು ಕೆಂಪು ಬಣ್ಣದಲ್ಲಿ ಬಂತು. ಅದು ಏನೆಂದು ಅವಳಿಗೆ ತಿಳಿಯಲಿಲ್ಲ. ಚೀಲವನ್ನು ಅದರ ಜಾಗಕ್ಕೆ ಇಟ್ಟು ಒಲೆಯ ಕಡೆ ಹೋದಳು.

ಹತ್ತು ನಿಮಿಷಕ್ಕೆ ಕರೀಮುನ್ನಿಸಾ ಫೋನು ಬಂತು. ‘ಅವ್ರಿಗಿ ಜರಾ ಫೋನ್ ಕೊಡ್ರಿ ಅಮ್ಮಾ.’ ನಿನ್ನವ್ವ, ‘ಜಳಕಕ್ಕ ಹೋಗ್ಯಾರ್ರಿ’ ಎಂದಳು. ‘ನಾಡಿ ಭಾಳ ನಿಧಾನ ಬಡಿಯಾಕತ್ತದ. ಅವ್ರಿಗಿ ಸುಸ್ತಾಗತದೇನು? ಏಳುಮುಂದ ಕಣ್ಣಿಗಿ ಕತ್ತಲಿ ಬರ್ತದೇನು?’ ಎಂದು ಅವರು ಕೇಳಿದರು. ಸಂಘಮಿತ್ರಾ, ಇಲ್ಲಿ ನಿನ್ನವ್ವ ಏನು ಹೇಳಬೇಕಿತ್ತು? ಇಲ್ಲ ಎನ್ನಬೇಕಿತ್ತು. ನನಗೆ ಅಂಥದ್ದೇನೂ ಇರಲಿಲ್ಲ. ಅವಳು, ‘ಹೌದ್ರಿ. ಭಾಳ ಸುಸ್ತು. ಕೊಡ ಎತ್ತಿದ್ರ ಕತ್ತಲಿ ಬರ್ತದಂತ. ಎರಡು ತಿಂಗಳಾತಂತ’ ಎಂದಳು. ಆಸ್ಪತ್ರೆಯ ಫೈಲಿನಲ್ಲಿ ಅದನ್ನು ನನ್ನ ಹೆಸರಿನ ಮುಂದೆ ಬರೆದುಕೊಂಡರು. ಕೊಡ ಎತ್ತುವ ಗಂಡಸು ಯಾವನು ಎಂದು ತನಗಾದರೂ ಹೊಳೆಯಬೇಕಿತ್ತು ಎಂದು ಕರೀಮುನ್ನಿಸಾ ಆಮೇಲೆ ನನ್ನ ಮುಂದೆ ನೊಂದುಕೊಂಡರು. ಆ ಹೊತ್ತಿಗೆ ಡಾಕ್ಟರನ್ನು ಕೇಳಿ, ನಾಡಿ ನಿಧಾನ ಮಾಡುವ ನನ್ನ ಒಂದು ಗುಳಿಗೆಯನ್ನು ನಿಲ್ಲಿಸಲು ಹೇಳಿದರು, ನಾಳೆಯೂ ಹೀಗೇ ಇದ್ದರೆ ಕೂಡಲೇ ಕರೆತರಬೇಕು ಎಂದರು. ನಿನ್ನವ್ವ ಹೂಂ ಎಂದಳು.

ಶುಕ್ರವಾರ ಮುಂಜಾನೆ ನಾನು ಧರ್ಮಣ್ಣನ ಅಂಗಳದಲ್ಲಿ ಮುಖ ತೊಳೆಯುತ್ತಿದ್ದೆ. ಹೆದ್ದಾರಿಯ ಲಾರಿಗಳ ಸದ್ದಿಗೆ ನನ್ನ ಮೊಬೈಲು ಕೇಳಿಸಲಿಲ್ಲ, ಧರ್ಮಣ್ಣನೇ ತಂದುಕೊಟ್ಟ. ಕರೀಮುನ್ನಿಸಾ ಮಾತಾಡುತ್ತಿದ್ದರು. ‘ದೇವೀಂದ್ರಪ್ಪ ಅವ್ರೆ, ಪೆಟ್ಟಿಗಿ ಫೋನ್ ಯಾರೂ ಎತ್ತಾಕತ್ತಿಲ್ಲ, ಅದಕ್ಕ ಇದಕ್ಕ ಹಚ್ಚೇನಿ. ಹೆಂಗಿದ್ದೀರಿ?’ ನಾನು, ‘ಚಲೋ ಇದ್ದೇನ್ರಿ, ಜೇವರ್ಗ್ಯಾಗ ಇದ್ದೇನಿ’ ಎಂದೆ. ‘ಜೇವರ್ಗ್ಯಾಗ? ಪೆಟ್ಟಿಗಿ ಸಂಗಟ ಒಯ್ದೀರೇನು?’ ಎಂದರು. ‘ಇಲ್ರಿ, ಅದು ಸೊನ್ನದಾಗ ಮನ್ಯಾಗ ಅದ’ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ದನಿ ತಗ್ಗಿಸಿ, ‘ಇವತ್ತಿನ ಅಳತಿ ಹದಿನೈದು ನಿಮಿಷದ ಹಿಂದ ಬಂದದ. ನಾಡಿ ಮೂವತ್ನಾಲ್ಕು. ಹಂಗಾದ್ರ ಆ ಬೆರಳು ಯಾರದ್ರಿ?’ ಎಂದು ಕೇಳಿದರು. ನನ್ನ ಕೈಯಲ್ಲಿ ಟಾವೆಲ್ಲು ಇತ್ತು. ಮುಖದಿಂದ ನೀರು ಇಳಿದು ಅಂಗಿಯೊಳಗೆ ಹೋಗುತ್ತಿತ್ತು. ‘ನನ್ನ ಹೆಂಡತೀದು’ ಎಂದೆ. ಮನೆಯಲ್ಲಿ ಇನ್ನಾರೂ ಇರಲಿಲ್ಲ.

ಕರೀಮುನ್ನಿಸಾ ಅವರ ಧೈರ್ಯವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ನಾನು ಈಗಲೇ ನಿನ್ನವ್ವನಿಗೆ ಫೋನು ಮಾಡುತ್ತೇನೆ ಎಂದರೆ ಬೇಡ ಎಂದರು. ‘ನೀವು ಅಂಜಿ ಮಾತಾಡಿದ್ರ ಅವ್ರು ಅಂಜತಾರ, ಎದ್ದು ಓಡಾಡತಾರ. ಅವ್ರು ಈಗ ನಡಿಬಾರದು. ಬಾಜೂ ಮನ್ಯಾಗ ಯಾರು ಇದ್ದಾರ, ಗಾಡಿ ಯಾರ ಬಲ್ಲಿ ಅದ, ಅದನ್ನ ಹೇಳ್ರಿ’ ಎಂದು ಒಂದೊಂದಾಗಿ ಕೇಳಿದರು. ಗೌಸಮೊಹಿದ್ದೀನನ ಹೆಸರು ಹೇಳಿದೆ. ನಮ್ಮ ಓಣಿಯ ಕೊನೆಯಲ್ಲಿ ಟಂಟಂ ಆಟೊ ನಡೆಸುವ ಅದೇ ಗೌಸ, ನಿನ್ನನ್ನು ದೈಹಿಕ ಪರೀಕ್ಷೆಯ ದಿನ ನಸುಕಿನಲ್ಲಿ ಬಸ್ಸಿಗೆ ಬಿಟ್ಟವನು. ಅಫಜಲಪುರದ ಆಸ್ಪತ್ರೆಗೆ ತಾವೇ ತಿಳಿಸುತ್ತೇವೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಕಲಬುರಗಿಗೆ ಕಳಿಸುತ್ತಾರೆ, ನೀವು ಸೊನ್ನಕ್ಕೆ ಹೋಗದೆ ನೇರ ಕಲಬುರಗಿಗೆ ಬನ್ನಿ ಎಂದರು. ನಾನು ಗೌಸನಿಗೆ ಫೋನು ಮಾಡಿದೆ. ಅವನು ಅರ್ಧಕ್ಕೇ ತಿಳಿದುಕೊಂಡು, ‘ಕಾಕಾ, ಫಿಕರ್ ಮಾಡಬ್ಯಾಡ್ರಿ, ನಾ ಅದೇನಿ’ ಎಂದು ಇಟ್ಟುಬಿಟ್ಟ.

ಗೌಸ ಹೆಂಡತಿಯನ್ನೂ ಕರೆದುಕೊಂಡು ನಮ್ಮ ಮನೆಗೆ ಹೋದಾಗ ನಿನ್ನವ್ವ ರೊಟ್ಟಿ ಬಡಿಯುತ್ತಿದ್ದಳಂತೆ. ಫೋನು ಬಡಿದದ್ದು ಕೇಳಿದ್ದಳು, ಸುಳ್ಳು ಹೇಳಲು ಮತ್ತೆ ಮನಸ್ಸಾಗದೆ ಎತ್ತಿರಲಿಲ್ಲ. ನಿನಗೆ ಆರಾಮಿಲ್ಲ, ನಡೆ ಎಂದಿದ್ದರೆ ಅವಳು ಏಳುತ್ತಲೇ ಇರಲಿಲ್ಲ. ನಾಲ್ಕು ರೊಟ್ಟಿ ಉಳಿದಿವೆ, ಬಡಿದು ಬರುತ್ತೇನೆ ಎನ್ನುತ್ತಿದ್ದಳು. ಗೌಸನಿಗೆ ಅವಳ ಸ್ವಭಾವ ಗೊತ್ತು. ‘ಕಾಕೂ, ಕಾಕಾಗ ಜರಾ ತಕಲೀಫ್ ಆಗ್ಯಾದ. ಅಫಜಲಪುರ ದವಾಖಾನಿಗಿ ತರಾಕತ್ತಾರ. ನಡ್ರಿ ನೋಡೂಣು’ ಎಂದ. ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಒಲೆ ಆರಿಸಿದ್ದು ಗೌಸನ ಹೆಂಡತಿ. ದಾರಿಯುದ್ದಕ್ಕೂ ನನ್ನನ್ನು ಪೆಟ್ಟಿಗೆ ಇಲ್ಲದೆ ಕಳಿಸಿದ್ದಕ್ಕೆ ತನ್ನನ್ನೇ ಬೈದುಕೊಂಡಳಂತೆ. ಅಫಜಲಪುರ ಇನ್ನೂ ಎರಡು ಮೈಲಿ ಇದೆ ಎನ್ನುವಾಗ ಮಾತು ನಿಂತಿತು, ತಲೆ ಗೌಸನ ಹೆಂಡತಿಯ ಹೆಗಲಿಗೆ ವಾಲಿತು. ಕಣ್ಣು ಮೇಲಾಗಿದ್ದವು. ಅವಳ ಮುಖಕ್ಕೆ ನೀರು ಹಾಕುತ್ತಾ ಆಕೆ ಅಳುತ್ತಿದ್ದರೂ ಗೌಸ ಗಾಡಿ ನಿಲ್ಲಿಸಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಸಿಸ್ಟರು, ಸ್ಟ್ರೆಚರು ಎಲ್ಲ ತಯಾರಿದ್ದವು. ಇಸಿಜಿ ತೆಗೆದರು, ಇಂಜೆಕ್ಷನ್ನು ಕೊಟ್ಟರು, ನಾಡಿ ತುಸು ಏರಿತು, ಆಂಬುಲೆನ್ಸು ಹತ್ತಿಸಿದರು.

ನಾನು ಜೇವರ್ಗಿಯಿಂದ ಬಸ್ಸಿಗೆ ಬಂದೆ. ಧರ್ಮಣ್ಣ ಜೊತೆಗೆ ಬಂದ, ಹೊಸ ಮನೆಯಲ್ಲಿ ನೆಂಟರನ್ನು ಬಿಟ್ಟು. ಕಟ್ಟಿಸಂಗಾವಿಯ ಸೇತುವೆಯ ಮೇಲೆ ಬಸ್ಸು ಹೋಗುವಾಗ ಕೆಳಗೆ ಭೀಮೆ ಕಂಡಳು. ದಿನಾಲೂ ನೋಡಿದ ಹೊಳೆ, ಅವತ್ತು ನನಗೆ ಅದರ ಮಟ್ಟ ಎಷ್ಟಿದೆ ಎಂದು ಅಂದಾಜು ಕೂಡ ಆಗಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ನಾವು ಒಂದು ತಾಸು ಮೊದಲೇ ಬಂದು ನಿಂತಿದ್ದೆವು. ಆಂಬುಲೆನ್ಸಿನ ಹಿಂದಿನ ಬಾಗಿಲು ತೆರೆದು ಸ್ಟ್ರೆಚರ್ ಇಳಿಸಿದರು. ನಿನ್ನವ್ವನ ಬೆರಳ ಸಂದಿಯಲ್ಲಿ ರೊಟ್ಟಿಯ ಹಿಟ್ಟು ಹಾಗೇ ಒಣಗಿತ್ತು. ಅವಳು ಕಣ್ಣು ತೆರೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ‘ನಿಮಗೇನೂ ಆಗಿಲ್ಲೇನು?’ ಎಂದಳು. ಇಲ್ಲ ಎಂದು ತಲೆ ಆಡಿಸಿದೆ. ‘ಮುಂಜಾನಿ ಗುಳಿಗಿ ತಗೊಂಡ್ರೇನು?’ ಎಂದಳು. ನಾನು ತೆಗೆದುಕೊಂಡಿರಲಿಲ್ಲ. ಹೂಂ ಎಂದೆ. ಅವಳನ್ನು ಒಳಗೆ ಒಯ್ದ ಮೇಲೆ ನಲ್ಲಿಯ ಹತ್ತಿರ ಹೋಗಿ ಕಾಗದ ಬಿಚ್ಚಿ ಗುಳಿಗೆ ನುಂಗಿದೆ. ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೃದಯದ ಸುದ್ದಿ ಮುಟ್ಟುವುದು ನಿಂತುಹೋಗಿದೆ, ಅದಕ್ಕೇ ನಾಡಿ ನಿಧಾನ, ತಡವಾಗಿದ್ದರೆ ಒಂದು ದಿನ ನಿಂತೇ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಅವತ್ತಿಗೆ ತಾತ್ಕಾಲಿಕವಾಗಿ ಒಂದು ತಂತಿ ಹಾಕಿದರು. ಸೋಮವಾರ ಹದಿಮೂರರಂದು ಎಡ ಭುಜದ ಕೆಳಗೆ ಚರ್ಮದೊಳಗೆ ಪೇಸ್‌ಮೇಕರ್ ಎಂಬ ಸಣ್ಣ ಯಂತ್ರ ಇಟ್ಟರು. ಆಳಂದದಿಂದ ನಿನ್ನಣ್ಣ ಸತೀಶ ಬಂದು ಎಂಟು ದಿನ ಶಾಲೆಗೆ ರಜೆ ಹಾಕಿ ಜೊತೆಗಿದ್ದ. ಆ ರವಿವಾರ ನಿನ್ನ ಫೋನು ಬಂದಾಗ, ಅವ್ವ ಹೊಲಕ್ಕೆ ಹೋಗಿದ್ದಾಳೆ ಎಂದು ಹೇಳಿದ್ದು ಅವನೇ. ಹೇಳಿಸಿದ್ದು ನಾನು. ಅವನ ಮೇಲೆ ಸಿಟ್ಟಾಗಬೇಡ.

ಕರೀಮುನ್ನಿಸಾ ಅವರನ್ನು ನಾನು ಮೊದಲ ಸಲ ಕಣ್ಣಾರೆ ನೋಡಿದ್ದು ಅಲ್ಲೇ. ದನಿ ಕೇಳಿ ಎಳೆಯ ಹುಡುಗಿ ಎಂದುಕೊಂಡಿದ್ದೆ, ಐವತ್ತರ ಹತ್ತಿರದ ಹೆಂಗಸು, ದಪ್ಪ ಕನ್ನಡಕ. ಊಟದ ಡಬ್ಬಿ ಹಿಡಿದುಕೊಂಡು ವಾರ್ಡಿಗೆ ಬಂದು ನಿನ್ನವ್ವನ ಮಂಚದ ಮೇಲೆ ಕುಳಿತರು. ‘ಅಮ್ಮಾ, ನೀವು ನನಗ ಮೋಸ ಮಾಡಿದ್ರಿ’ ಎಂದು ನಕ್ಕರು. ನಿನ್ನವ್ವ ನಾಚಿಕೊಂಡು ಸೆರಗು ಮುಖಕ್ಕೆ ಎಳೆದುಕೊಂಡಳು. ಕಣ್ಣಿಗೆ ಕತ್ತಲೆ ಬರುವ ಮಾತನ್ನು ಅವರು ನನಗೆ ಹೇಳಿದ್ದು ಅವತ್ತೇ. ಅವರು ಹೋದ ಮೇಲೆ ನಾನು ನಿನ್ನವ್ವನನ್ನು, ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಶ್ರಾವಣದಿಂದ ಎಂದಳು. ಒಂದು ದಿನ ಒಲೆಯ ಮುಂದೆ ಬಿದ್ದು, ಎಚ್ಚರಾದಾಗ ಹಾಲು ಉಕ್ಕಿ ಹರಿದು ಒಲೆ ಆರಿತ್ತಂತೆ. ಅವತ್ತು ನಾನು ಹಾಲು ಚೆಲ್ಲಿದ್ದಕ್ಕೆ ಗದರಿಸಿದ್ದೆ, ನನಗೆ ನೆನಪಿದೆ. ‘ಯಾಕ ಹೇಳಲಿಲ್ಲ?’ ಎಂದೆ. ‘ಯಾರು ಕೇಳಿದ್ರು?’ ಎಂದಳು. ಸಿಟ್ಟಿನಿಂದ ಹೇಳಲಿಲ್ಲ ಮಗಳೇ. ಮಳೆ ಬಂತೇ ಎಂದು ಕೇಳಿದರೆ ಇಲ್ಲ ಎನ್ನುವಷ್ಟು ಸಹಜವಾಗಿ ಹೇಳಿದಳು. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಮೂವತ್ತೆರಡು ವರ್ಷದ ಸಂಸಾರದಲ್ಲಿ ನಿನಗೆ ಹೇಗಿದೆ ಎಂದು ಅವಳನ್ನು ಕೇಳಿದ ಒಂದು ದಿನವನ್ನು ಹುಡುಕುತ್ತಿದ್ದೆ. ನೀನು ಹುಟ್ಟಿದ ದಿನ ಕೇಳಿದ್ದೆ. ಅದರಾಚೆ ಸಿಗಲಿಲ್ಲ.

ಈಗ ನಿನ್ನವ್ವ ಚೆನ್ನಾಗಿದ್ದಾಳೆ. ನಾಡಿ ಅರವತ್ತಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮುಖದಲ್ಲಿ ರಕ್ತ ಬಂದಿದೆ, ಮೇಲಿನ ಹೊಲದವರೆಗೆ ನಡೆದು ತೊಗರಿ ಕಾಯಿ ಕಟ್ಟಿದ್ದನ್ನು ನೋಡಿ ಬರುತ್ತಾಳೆ. ಎಡಗೈಯನ್ನು ಇನ್ನೂ ಒಂದು ವಾರ ಭುಜಕ್ಕಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು. ಆದ್ದರಿಂದ ರೊಟ್ಟಿ ನಾನು ಬಡಿಯುತ್ತೇನೆ. ಮೊದಲ ವಾರದವು ಭೂಪಟದ ಹಾಗಿದ್ದವು, ಅವಳು ಒಂದೊಂದನ್ನೂ ತಿರುಗಿಸಿ ನೋಡಿ, ಇದು ಯಾವ ಊರು ಎಂದು ಕೇಳಿ ತಿಂದಳು. ಈಗ ಅಂಚು ಒಡೆದರೂ ನಡು ಉಬ್ಬುತ್ತದೆ. ಕರೀಮುನ್ನಿಸಾ ಅದೇ ಪೆಟ್ಟಿಗೆಗೆ ಅವಳ ಹೆಸರನ್ನೂ ಸೇರಿಸಿಕೊಟ್ಟಿದ್ದಾರೆ. ಹೊಲಿಗೆ ಹಾಕಿದ ಜಾಗದ ಫೋಟೊ ತೆಗೆದು ಕಳಿಸಬೇಕು, ಅದು ನನ್ನ ಕೆಲಸ. ಮುಂಜಾನೆ ಯಾರದು ಮೊದಲು ಎಂದು ನಮ್ಮಿಬ್ಬರಲ್ಲಿ ದಿನಾ ತಕರಾರು. ಅಳತೆ ಮುಗಿದ ಮೇಲೆ ಇಬ್ಬರೂ ಕುಳಿತು ಒಟ್ಟಿಗೆ ಚಹಾ ಕುಡಿಯುತ್ತೇವೆ. ಮೊದಲೆಲ್ಲ ನಾನು ಕುಡಿದು ಎದ್ದ ಮೇಲೆ ಅವಳು ಒಲೆಯ ಹತ್ತಿರ ನಿಂತೇ ಕುಡಿಯುತ್ತಿದ್ದಳು. ಇದನ್ನು ಓದಿ ನಗಬೇಡ. ಅರವತ್ತೆರಡಕ್ಕೆ ನಾನು ಕಲಿತದ್ದು ಇಷ್ಟೇ.

ಮೈ ಜೋಪಾನ. ಗುರಿ ಇಡುವಾಗ ಉಸಿರು ಹಿಡಿಯುವುದನ್ನು ಕಲಿಸುತ್ತಾರೆಂದು ನೀನು ಬರೆದಿದ್ದೆ, ಅದನ್ನು ಓದಿ ಅವ್ವ ಬಹಳ ಖುಷಿಪಟ್ಟಳು. ನಿನ್ನ ಉಸ್ತಾದರಿಗೆ ನನ್ನ ನಮಸ್ಕಾರ ಹೇಳು. ಸತೀಶ, ಅವನ ಹೆಂಡತಿ, ಗೌಸನ ಮನೆಯವರು ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಬುದ್ಧನ ಕರುಣೆ ನಿನ್ನ ಮೇಲಿರಲಿ. ಹಿಡಿದ ಕೆಲಸ ಕೈಗೂಡಲಿ, ಎಲ್ಲಿ ನಿಂತರೂ ತಲೆ ಎತ್ತಿ ನಿಲ್ಲು.

ನಿನ್ನ ಅಪ್ಪ,
ದೇವೀಂದ್ರಪ್ಪ

ತಾ.ಕ.: ನಿನ್ನೆ ಬಂದಿದ್ದ ಸತೀಶ ಆಳಂದದ ಬಸ್ಸಿಗೆ ಹೊರಟು ನಿಂತಿದ್ದಾನೆ, ನಾಳೆ ಬೆಳಿಗ್ಗೆ ಅಲ್ಲಿಂದ ಸ್ಪೀಡ್ ಪೋಸ್ಟ್ ಮಾಡುತ್ತಾನೆ. ಅದಕ್ಕೇ ಇದನ್ನು ಬೇಗ ಬೇಗ ಬರೆಯುತ್ತಿದ್ದೇನೆ. ಡಾಕ್ಟರು ನಿನ್ನವ್ವನ ತವರಿನ ಬಗ್ಗೆ ಕೇಳಿದರು. ನಿನ್ನ ಅಜ್ಜಿ ನಲವತ್ತೆಂಟಕ್ಕೆ ಹತ್ತಿ ಬಿಡಿಸುತ್ತಾ ಹೊಲದಲ್ಲೇ ಕುಸಿದಳು, ಅಂದೋಲಾದ ನಿನ್ನ ಸೋದರಮಾವ ನಡುವಯಸ್ಸಿಗೇ ಕುಳಿತಲ್ಲೇ ಹೋದ. ಇದು ಮನೆತನದಲ್ಲಿ ಬರುವ ತೊಂದರೆ ಇರಬಹುದು, ಇಲ್ಲದೆಯೂ ಇರಬಹುದು, ಮಕ್ಕಳಿಬ್ಬರಿಗೂ ಒಮ್ಮೆ ಇಸಿಜಿ ಮಾಡಿಸಿ ಎಂದರು. ಸತೀಶ ಕಳೆದ ಬುಧವಾರ ಆಳಂದದಲ್ಲಿ ಮಾಡಿಸಿದ, ಅವನದು ಸರಿಯಿದೆ. ನೀನೊಬ್ಬಳು ಉಳಿದಿದ್ದೀ. ಭರ್ತಿಯಾಗುವಾಗ ಎತ್ತರ, ಎದೆ, ಕಣ್ಣು ನೋಡಿದರು, ಇದನ್ನು ನೋಡಿದರೋ ಇಲ್ಲವೋ ನಮಗೆ ಗೊತ್ತಿಲ್ಲ. ಏನಾದರೂ ಕಂಡರೆ ನಿನ್ನನ್ನು ತರಬೇತಿಯಿಂದ ಮನೆಗೆ ಕಳಿಸುತ್ತಾರೆ, ಮಾರ್ಚಿನ ಪರೇಡ್ ಮುಗಿಯುವವರೆಗೆ ಬರೆಯಬೇಡಿ ಎಂದು ಅವ್ವ ನನ್ನಿಂದ ಆಣೆ ಮಾಡಿಸಿದ್ದಳು. ಒಂದು ತಿಂಗಳು ಸುಮ್ಮನಿದ್ದೆ, ಅದು ನನ್ನ ತಪ್ಪು. ನಿಮ್ಮ ಕೇಂದ್ರದ ಡಾಕ್ಟರ ಹತ್ತಿರ ಹೋಗಿ ಎಲ್ಲ ಬಿಡಿಸಿ ಹೇಳಿ ಇಸಿಜಿ ಮಾಡಿಸಿಕೋ. ಅವರು ಮನೆಗೆ ಕಳಿಸಿದರೆ ಬಾ, ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಇಷ್ಟು ಬರೆಯುವಷ್ಟರಲ್ಲಿ ನಿನ್ನವ್ವ ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತು ಓದಿದಳು. ಹಾಳೆ ಕಸಿದುಕೊಳ್ಳುತ್ತಾಳೆ ಎಂದುಕೊಂಡೆ. ಪೂರ್ತಿ ಓದಿ,
‘ಯಾವಾಗ ಹೋಗಬೇಕಂತ ಬರ್ದಿಲ್ಲಲ್ಲ. ಕಾಗದ ಮುಟ್ಟಿದ ದಿನಾನೇ ಹೋಗಂತ ಬರೀರಿ’ ಎಂದಳು. ಮುಟ್ಟಿದ ದಿನವೇ ಹೋಗು.